ಹಚ್ಚಿದವನೇ ಹೋಗಿ ನೋಡಬೇಕು

ಶಹಾಬಾದ
16-8-1974, ಶುಕ್ರವಾರ

ಪ್ರೀತಿಯ ತಂಗಿ ಯಶೋಧರಾಗೆ,

ಜೈ ಭೀಮ. ನಿನ್ನ ತಲೆಯನ್ನೂ ಕೂಸು ಸುಜಾತಾಳ ತಲೆಯನ್ನೂ ನಿನ್ನ ಅನಸಕ್ಕ ಮನಸ್ಸಿನಲ್ಲೇ ನೇವರಿಸುತ್ತಿದ್ದಾಳೆ ಎಂದು ತಿಳಿ.

ಈಗ ಸಂಜೆ ಐದೂವರೆ. ಶಾಲೆ ಬಿಟ್ಟು ಬಂದು, ನಲ್ಲಿಗೆ ನೀರು ಬಂದಿತ್ತೆಂದು ಕೊಡಗಳನ್ನು ತುಂಬಿ, ಅವ್ವನಿಗೆ ಚಹಾ ಕೊಟ್ಟು, ಅಂಗಳದ ಕಲ್ಲಿನ ಮೇಲೆ ಕುಳಿತಿದ್ದೇನೆ. ಇವತ್ತು ಪಾಠ ಸರಿಯಾಗಿ ನಡೆಯಲಿಲ್ಲ. ನಿನ್ನೆಯ ಝಂಡಾವಂದನೆಯ ಗದ್ದಲ ಮಕ್ಕಳ ತಲೆಯಿಂದ ಇಳಿದಿರಲಿಲ್ಲ. ಮಾಸ್ತರರು ಅಲ್ಲಲ್ಲಿ ನಿಂತು ನಿನ್ನೆ ಅಪ್ಪ ಆಡಿದ ಮಾತನ್ನೇ ಆಡುತ್ತಿದ್ದರು. ನಾನು ಹತ್ತಿರ ಹೋದರೆ ಮಳೆ ಯಾವಾಗ ಬರುತ್ತದೆಂದು ಮಾತು ಬದಲಿಸುತ್ತಿದ್ದರು.

ನಿನ್ನ ಕಾಗದ ಕಾರಹುಣ್ಣಿಮೆಯ ಹೊತ್ತಿಗೇ ಬಂದಿತ್ತು. ಈಗ ಶ್ರಾವಣ ಮುಗಿಯುತ್ತ ಬಂತು. ಅಕ್ಕ ಉತ್ತರವನ್ನೇ ಬರೆಯಲಿಲ್ಲ ಎಂದು ನೀನು ಅಂದುಕೊಂಡಿದ್ದರೆ ಅದು ನ್ಯಾಯವೇ. ಎಷ್ಟೋ ಸಲ ಬರೆಯಲು ಕುಳಿತೆ. ಕ್ಷೇಮ ಸಮಾಚಾರ ಬರೆದು ಮುಗಿಸಿದ ಮೇಲೆ ನೀನು ಕೇಳಿದ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಗೇ ಬಿಡುತ್ತಿದ್ದೆ.

ನೀನು ಬರೆದಿದ್ದೆ: "ಅಕ್ಕಾ, ಸುತ್ತಿ ಬಳಸಿ ಬರೆಯಬೇಡಿ. ಅವರಿಗೆ ಜಿಗಿಯಲು ಸಮಯ ಇತ್ತು. ಜಿಗಿಯಲಿಲ್ಲ. ಬಂದವರೆಲ್ಲ ಅವರು ಮಾಡಿದ್ದು ಸರಿ, ವೀರರ ಕೆಲಸ ಎಂದು ಹೇಳಿ ಹೋಗುತ್ತಾರೆ. ಮಾವನವರೂ ಹಾಗೇ ಅನ್ನುತ್ತಾರೆಯೇ? ಆ ಮನೆಯಲ್ಲೂ ಸುಜಾತಾಗೆ ಅದನ್ನೇ ಕಲಿಸುವುದಾದರೆ ನಾನು ಅವಳನ್ನು ಅಲ್ಲಿಗೆ ಕರೆತರಲಾರೆ."

ಅಪ್ಪನ ಮನಸ್ಸಿನಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ಅಷ್ಟೇ ಅಲ್ಲ, ನೀನು ಆ ಕಾಗದ ಬರೆದ ಹೊತ್ತಿಗೆ ಅಪ್ಪ ಅವ್ವನಿಗೆ ಹಾರಿಸುತ್ತಿದ್ದ ವಿಮಾನ ಬಿತ್ತು, ಮಗ ಭೀಮಶಾ ಹೋದ ಎಂಬುದಷ್ಟೇ ಗೊತ್ತಿತ್ತು. ಜಿಗಿಯಲು ಸಮಯ ಇತ್ತು ಎಂಬುದನ್ನು ನಿನ್ನಿಂದ ತಿಳಿದವಳು ನಾನೊಬ್ಬಳೇ. ಅದನ್ನು ಯಾವ ಬಾಯಿಂದ ಹೇಳಲಿ? ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಓಡಾಡಿದೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಅವ್ವನ ಮೊಣಕಾಲು ನೋವು ಹಾಗೇ ಇದೆ. ನೀನು ಕಳಿಸಿದ ಸುಜಾತಾಳ ಫೋಟೋವನ್ನು ಬಾಬಾಸಾಹೇಬರ ಪಟದ ಮಗ್ಗುಲಿಗೆ ಸಿಕ್ಕಿಸಿದ್ದಾಳೆ. ಬಂದವರಿಗೆಲ್ಲ "ಮೂಗು ನಮ್ಮದs ನೋಡ್ರಿ" ಎನ್ನುತ್ತಾಳೆ. ಮನೆಯವರಿಗೆ ವಾಡಿ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿ ಬಂದಿದೆ, ಹಗಲೆಲ್ಲ ಮಲಗುತ್ತಾರೆ. ಮಳೆ ಬಂದೂ ಬಾರದ ಹಾಗಿದೆ. ಸಿಮೆಂಟಿನ ಧೂಳು ಬೇವಿನ ಗಿಡದ ಮೇಲೆ ಕೂತದ್ದು ಕೂತೇ ಇದೆ.

ಆಷಾಢದಲ್ಲಿ ನಿಮ್ಮ ಪಕ್ಕದ ಕ್ವಾರ್ಟರ್ಸಿನ ಇಂಜಿನಿಯರ್ ಸಾಹೇಬರು ಬಂದಿದ್ದರು. ವಾಡಿಯಲ್ಲಿ ರೈಲು ಇಳಿದು, ಭೀಮಶಾನ ಟ್ರಂಕನ್ನು ತಾವೇ ಹೊತ್ತುಕೊಂಡು, ಓಣಿಯಲ್ಲಿ ಕೇಳುತ್ತ ಕೇಳುತ್ತ ಬಂದರು. ಒಳ್ಳೆಯ ಮನುಷ್ಯ. ಮೈಸೂರು ಕಡೆಯ ಮಾತು. ಹೊರಸಿನ ಮೇಲೆ ಕುಳಿತು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ಆ ದಿನದ್ದನ್ನೆಲ್ಲ ಹೇಳಿದರು. ಕೆಳಗಿನಿಂದ ರೇಡಿಯೋದಲ್ಲಿ ಅವನ ಜೊತೆ ಮಾತಾಡುತ್ತಿದ್ದವರು ಅವರೇ ಅಂತೆ.

"ಮೇಲೆ ಹೋದ ಸ್ವಲ್ಪ ಹೊತ್ತಿಗೆ ವಿಮಾನದ ಬಾಲ ಅದುರೋದಕ್ಕೆ ಶುರುವಾಯ್ತು. ನಾನೇ ಹೇಳಿದೆ, ಬಿಟ್ಟು ಜಿಗೀರಿ, ಪ್ಯಾರಾಚೂಟ್ ಇದೆ ಅಂತ. 'ಯಾಕೆ ಅದುರ್ತಿದೆ ಅಂತ ಗೊತ್ತಾಗಬೇಕಲ್ಲ, ತಂದು ತೋರಿಸ್ತೀನಿ' ಅಂದ್ರು."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಜಿಗೀಬಹುದಿತ್ತೇನ್ರಿ?"

"ಜಿಗೀಬಹುದಿತ್ತಮ್ಮ. ಸಮಯ ಇತ್ತು. ಅದಕ್ಕೇ ನಾವೆಲ್ಲ ಅವರನ್ನ ವೀರ ಅನ್ನೋದು."

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಅವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆಮೇಲೆ ಒಳಗೆ ಹೋದಳು. ಚಹಾ ಉಕ್ಕಿ ಒಲೆ ಆರಿದ ಸಪ್ಪಳ ಕೇಳಿತು.

ಸಾಹೇಬರು ಉಳಿದದ್ದನ್ನೂ ಹೇಳಿದರು. ವಿಮಾನ ಮೈದಾನದ ಅಂಚಿನವರೆಗೂ ಬಂದು ಬಿತ್ತಂತೆ. ಅಷ್ಟು ಹತ್ತಿರ ತಂದದ್ದರಿಂದಲೇ ಬಾಲದ ಭಾಗ ಇಡಿಯಾಗಿ ಸಿಕ್ಕಿತು. ಅದರೊಳಗಿನ ಒಂದು ಚಿಕ್ಕ ಪಿನ್ನು ಕೂದಲೆಳೆಯಷ್ಟು ಸೀಳಿತ್ತು. ಯಾರ ತಪ್ಪೂ ಅಲ್ಲ, ನೆಲದ ಮೇಲೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ದೂರದ ಗುಡ್ಡದಲ್ಲಿ ಬಿದ್ದಿದ್ದರೆ ಅದು ಸಿಗುತ್ತಿರಲಿಲ್ಲ, ಅಂಥದೇ ಇನ್ನೊಂದು ವಿಮಾನದಲ್ಲಿ ಇನ್ನೊಬ್ಬನ ಜೀವ ಹೋಗುತ್ತಿತ್ತು. ಈಗ ಪಿನ್ನು ಬದಲಿಸಿದ್ದಾರೆ. ಬೇರೆ ಹುಡುಗನೊಬ್ಬ ಅಂಥದೇ ವಿಮಾನವನ್ನು ಮೇಲೆ ಒಯ್ದು, ತಲೆಕೆಳಗು ಮಾಡಿ, ಸುರಕ್ಷಿತವಾಗಿ ಇಳಿಸುತ್ತಿದ್ದಾನೆ.

ಅಪ್ಪ ಅಷ್ಟು ಹೊತ್ತೂ ನೆಲ ನೋಡುತ್ತಿದ್ದವನು ಒಂದೇ ಪ್ರಶ್ನೆ ಕೇಳಿದ. "ಆ ಹುಡುಗಗ ಲಗ್ನ ಆಗ್ಯಾದೇನ್ರಿ?"

"ಹೋದ ತಿಂಗಳಷ್ಟೇ ಆಯ್ತು."

"ಚಲೋ ಆತು," ಎಂದ ಅಪ್ಪ.

ಹೊರಡುವಾಗ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿದರು: "ಕೊನೇಲಿ ಒಂದು ಮಾತು ಅಂದ್ರು, ನನಗೆ ಅರ್ಥ ಆಗ್ಲಿಲ್ಲ. 'ಹಚ್ಚಿದಾಂವನೇ ಹೋಗಿ ನೋಡಬೇಕ್ರಿ' ಅಂದ್ರು. ನಿಮ್ಮ ಕಡೆ ಮಾತಾ ಅದು?"

ಅಪ್ಪ ಎದ್ದು ಟ್ರಂಕನ್ನು ಒಳಗೆ ಎಳೆದುಕೊಂಡು ಹೋದ. ಅವರು ಇನ್ನಷ್ಟು ನಿಂತು, ಕೈ ಮುಗಿದು ಹೋದರು.

ಆ ಮಾತು ಅವನು ನಿನ್ನ ಮುಂದೆ ಯಾವತ್ತಾದರೂ ಆಡಿದ್ದನೋ ಇಲ್ಲವೋ. ಅದು ನಮ್ಮ ಮನೆಯ ಮಾತು, ಅಪ್ಪನ ಮಾತು. ಅಪ್ಪ ಖಣಿಯಲ್ಲಿ ಏನು ಮಾಡುತ್ತಿದ್ದನೆಂದು ನೀನು ಪೂರ್ತಿ ಕೇಳಿರಲಿಕ್ಕಿಲ್ಲ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಓಡಿ ಬರುವುದು, ಬಂಡೆ ಸಿಡಿಯುವುದು. ಇದಕ್ಕೆ ಸುರಂಗ ಹಚ್ಚುವುದು ಎನ್ನುತ್ತಾರೆ. ಅಪ್ಪ ಮತ್ತು ಮೌಲಾಲಿ ಕಾಕಾ ಜೋಡಿಯಾಗಿ ಅದೇ ಕೆಲಸ ಮಾಡಿದವರು. ಕೆಲವೊಮ್ಮೆ ಬತ್ತಿ ಉರಿದು ಹೋಗುತ್ತದೆ, ಮದ್ದು ಮಾತ್ರ ಸಿಡಿಯುವುದಿಲ್ಲ. ಆಗ ಯಾರಾದರೂ ಹೋಗಿ ನೋಡಲೇಬೇಕು, ಇಲ್ಲದಿದ್ದರೆ ಕಲ್ಲು ಎತ್ತಲು ಬರುವ ಹೆಂಗಸರ ಕೈಯಲ್ಲಿ ಅದು ಸಿಡಿಯುತ್ತದೆ. ಆ ಯಾರಾದರೂ ಎಂದರೆ ಹಚ್ಚಿದವನೇ. ಬೇರೆಯವರನ್ನು ಕಳಿಸುವಂತಿಲ್ಲ. ಖಣಿಯ ಕಾಯ್ದೆ ಅದು.

ಖಣಿಯ ಗಂಡಸರದು ಇನ್ನೊಂದು ರೂಢಿ ಇತ್ತು. ಕೆಲಸದಿಂದ ಬಂದವರು ಓಣಿಯ ಮುಂದಿನ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದೇ ಮನೆಯೊಳಗೆ ಬರಬೇಕು. ಹೆದರಿದ್ದನ್ನು ಅಲ್ಲೇ ತೊಳೆದು ಬರಬೇಕು ಎನ್ನುತ್ತಿದ್ದರು. ಒಳಗೆ ಹೆಂಡತಿ ಮಕ್ಕಳ ಮುಂದೆ ಹೆದರಿಕೆಯ ಮಾತು ಆಡುವುದಿಲ್ಲ; ಆಡಿದರೆ ಮರುದಿನ ಅವಳು ಬುತ್ತಿ ಕಟ್ಟುವಾಗ ಕೈ ನಡುಗುತ್ತದೆ. ಹಾಗಾಗಿ ನಾವು ಕೇಳಿದ್ದೆಲ್ಲ ಗೆದ್ದು ಬಂದ ಕಥೆಗಳೇ. ಅಪ್ಪ ಹೊರಸಿನ ಮೇಲೆ ಕುಳಿತು, "ಎಲ್ಲಾರೂ ದೂರ ನಿಂತಾರ. ನಾ ಒಬ್ಬನೇ ಹೊಂಟೀನಿ..." ಎಂದು ಶುರು ಮಾಡಿದರೆ ಭೀಮಶಾ ನನ್ನ ಸೊಂಟದಿಂದ ಇಳಿದು ಅಪ್ಪನ ಕಾಲ ಬಳಿ ಹೋಗಿ ಕೂತುಬಿಡುತ್ತಿದ್ದ.

ನೀನು ಒಮ್ಮೆ ನನ್ನ ಹತ್ತಿರ ದೂರಿದ್ದೆ, ನೆನಪಿದೆಯೇ? "ಕೆಲಸದಿಂದ ಬಂದರೆ ವಿಮಾನದ ಸುದ್ದಿಯನ್ನೇ ಎತ್ತುವುದಿಲ್ಲ ಅಕ್ಕಾ, ಮೊದಲು ಬಚ್ಚಲಿಗೆ ಹೋಗುತ್ತಾರೆ, ಹೊರಗೆ ಬಂದು ಹಾಡು ಗುನುಗುತ್ತಾರೆ" ಎಂದು. ನನಗೆ ಆಗ ನಗು ಬಂದಿತ್ತು.

ಅವನು ಚಿಕ್ಕವನಿದ್ದಾಗ ದೀಪಾವಳಿಗೆ ಮೌಲಾಲಿ ಕಾಕಾ ಪಟಾಕಿ ತಂದುಕೊಟ್ಟಿದ್ದ. ಒಂದು ಪಟಾಕಿ ಸಿಡಿಯಲಿಲ್ಲ. ನಾನು ನೋಡಲು ಹೆಜ್ಜೆ ಇಟ್ಟರೆ ಇವನು ನನ್ನ ಲಂಗ ಹಿಡಿದು ಹಿಂದಕ್ಕೆ ಎಳೆದ. "ನೀ ಹೋಗಬ್ಯಾಡ ಯಕ್ಕಾ, ಹಚ್ಚಿದಾಂವ ನಾನs" ಎಂದು ತಾನೇ ಹೋಗಿ ಬಗ್ಗಿ ನೋಡಿದ. ಅದು ಸಿಡಿದು ಒಂದು ಹುಬ್ಬು ಸುಟ್ಟಿತು. ಅವ್ವ ಬೈದು ಬೈದು ಬೆಣ್ಣೆ ಸವರಿದಳು. ಅಪ್ಪ ಮಾತ್ರ ಓಣಿ ತುಂಬ ಹೇಳಿಕೊಂಡು ಬಂದ: "ನನ್ನ ಮಗ ಅದಾನಪ್ಪ! ಅಕ್ಕನ್ನ ಕಳಸಲಿಲ್ಲ, ತಾನೇ ಹ್ವಾದ!"

ಹೋದ ವರ್ಷ ದಸರೆಗೆ ನೀವೆಲ್ಲ ಬಂದಿದ್ದಾಗ ನೀನು ಸುಜಾತಾಳನ್ನು ಮಲಗಿಸುತ್ತಿದ್ದೆ. ಹೊರಗೆ ಇವನು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ ತನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಸಿ ಹೇಳುತ್ತಿದ್ದ. "ಹೊಸಾ ವಿಮಾನ ಮಾಡ್ತಾರ ಅಪ್ಪಾ. ಅದು ಎಲ್ಲಿ ಕೆಡ್ತದ, ಎಷ್ಟು ತಡೀತದ ಅಂತ ಯಾರಿಗೂ ಗೊತ್ತಿರೂದಿಲ್ಲ. ಮೊದಲ ನಾ ಒಯ್ದು ನೋಡಬೇಕು. ಮುಂದ ಹುಡುಗರು ಅದರಾಗ ಕಲೀತಾರ." ಅಪ್ಪನ ಮುಖ ಅರಳಿತು. "ಹಂಗಾರ ನೀನೂ ನಂದೇ ಕೆಲಸ ಮಾಡಾಕತ್ತೀದಿ ಬಿಡು." ಇಬ್ಬರೂ ನಕ್ಕರು. ಇನ್ನೊಂದು ರೊಟ್ಟಿ ಹಾಕಿದೆ.

ಇಂಜಿನಿಯರ್ ಸಾಹೇಬರು ಹೋದ ಮೇಲೆ ಅಪ್ಪ ಮಾತು ಬಿಟ್ಟ. ಕೇಳಿದ್ದಕ್ಕೆ ಹ್ಞೂಂ, ಉಹೂಂ ಅಷ್ಟೇ. ಬೆಳಿಗ್ಗೆ ಎದ್ದು ನೀರು ತುಂಬಿದ ಹಳೆಯ ಖಣಿಯ ದಂಡೆಗೆ ಹೋಗಿ ಮೌಲಾಲಿ ಕಾಕಾನ ಜೊತೆ ಕೂಡುತ್ತಿದ್ದ. ಕಾಕಾನನ್ನು ಕೇಳಿದರೆ, "ಏನೂ ಅನ್ನಂಗಿಲ್ಲ ಬೇಟಿ. ಕಲ್ಲ ಒಗೀತಾನ ನೀರಾಗ. ನಾನೂ ಒಗೀತೀನಿ," ಎಂದ. ಅವ್ವ ಅಪ್ಪನಿಗೆ ರೊಟ್ಟಿ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಇಂಥದರಲ್ಲಿ ನಮ್ಮ ಶಾಲೆಯ ಬಸವಂತರಾಯ ಹೆಡ್‌ಮಾಸ್ತರರು ಮನೆಗೆ ಬಂದರು. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಭೀಮಶಾನ ಫೋಟೋ ಇಡುತ್ತೇವೆ, ತಂದೆಯವರೇ ಪರದೆ ತೆಗೆಯಬೇಕು, ಎರಡು ಮಾತು ಆಡಬೇಕು ಎಂದರು. ರೇಡಿಯೋದ ಆ ಮಾತು ಹೇಗೋ ಊರಲ್ಲಿ ಹಬ್ಬಿತ್ತು.

"ಚಂದ್ರಾಮಪ್ಪ, ಭಾಳ ಮಾತಾಡೂದು ಬ್ಯಾಡ್ರಿ. ಆ ಒಂದ ಮಾತು ಹೇಳಿಬಿಡ್ರಿ, ಸಾಕು. ಹಚ್ಚಿದವನೇ ಹೋಗಿ ನೋಡಬೇಕು! ಮಕ್ಕಳಿಗೆ ಧೈರ್ಯ ಬರ್ತದ."

ಅವ್ವ ಒಳಗಿನಿಂದಲೇ ಕೇಳಿದಳು. "ಧೈರ್ಯ ಬಂದು ಏನ್ ಮಾಡ್ತಾವ್ರಿ ಮಕ್ಕಳು?"

ಮಾಸ್ತರರು, "ದೇಶಸೇವಾ ಮಾಡ್ತಾವಮ್ಮ," ಎಂದರು.

"ಇವರು ಸಣ್ಣವರಿದ್ದಾಗ ಇದೇ ಸಾಲ್ಯಾಗ ಜಾತಿ ನೋಡಿ ಹೊರಗ ಕಟ್ಟಿ ಮ್ಯಾಲ ಕುಂಡ್ರಿಸಿದ್ರು. ಇವತ್ತ ಕುರ್ಚಿ ಹಾಕಾಕತ್ತೀರಿ. ಒಂದ ಕುರ್ಚಿ ಸಲುವಾಗಿ ಮಗನ್ನ ಕೊಡಬೇಕಾತು."

ಮಾಸ್ತರರು ತಲೆ ತಗ್ಗಿಸಿದರು. ಅವರ ಕಾಲದ್ದಲ್ಲ ಅದು, ಆದರೂ ತಗ್ಗಿಸಿದರು. ಅಪ್ಪ ಬರುವುದಿಲ್ಲ ಅನ್ನುತ್ತಾನೆ ಎಂದೇ ನಾನು ಕಾದಿದ್ದೆ. ಅವನು, "ಬರ್ತೀನ್ರಿ," ಎಂದ. ಅಷ್ಟು ದಿನಗಳಲ್ಲಿ ಅವನ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ನಿನ್ನ ಪ್ರಶ್ನೆಗೆ ಉತ್ತರ ಇದೇ ಎಂದುಕೊಂಡೆ. ವೇದಿಕೆ ಹತ್ತಿ ನನ್ನ ಮಗ ಮಾಡಿದ್ದು ಸರಿ ಎನ್ನುತ್ತಾನೆ, ಅದನ್ನು ನಾನು ಯಶೋಧರಾಗೆ ಬರೆಯಬೇಕು, ಆ ಮೇಲೆ ಸುಜಾತಾಳ ಮುಖ ನಾವು ಫೋಟೋದಲ್ಲೇ ನೋಡಬೇಕು ಎಂದುಕೊಂಡೆ.

ನಿನ್ನೆ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ನೀನು ಮದುವೆಯಲ್ಲಿ ಕೊಟ್ಟ ಕೋಟು ಹಾಕಿಕೊಂಡ. ಅವ್ವ ಮನೆಯಲ್ಲೇ ಉಳಿದಳು. ಓಣಿಯ ತುದಿಯಲ್ಲಿ ಮೌಲಾಲಿ ಕಾಕಾ ಸೇರಿಕೊಂಡ. ಅಪ್ಪನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ಅರೇ ಚಂದ್ರಾಮ, ನೌಶಾ ಆಗೀದಿ ಅಲ್ಲೋ, ಮದುಮಗ! ಹುಡುಗಿ ಎಲ್ಲ್ಯದಾಳ?" ಎಂದ. ಅಪ್ಪ, "ಸುಮ್ಮ ಬಾರೋ ಮೌಲಾ," ಎಂದ. ಕಾಕಾ ನಗಿಸಲು ಹೋದವನು ತಾನೇ ಕಣ್ಣು ಒರೆಸಿಕೊಂಡ.

ಝಂಡಾ ಆಯಿತು. ಫೋಟೋದ ಪರದೆ ತೆಗೆದರು. ಯೂನಿಫಾರ್ಮಿನ ಫೋಟೋ, ನಿನ್ನ ಮನೆಯಲ್ಲಿ ಇರುವುದೇ. ಹೆಡ್‌ಮಾಸ್ತರರು ಬಹಳ ಹೊತ್ತು ಮಾತಾಡಿದರು. ಶಹಾಬಾದಿನ ಖಣಿ ಓಣಿಯ ಹುಡುಗ ಇದೇ ಶಾಲೆಯಲ್ಲಿ ಕಲಿತು, ಯಾರೂ ಹಾರಿಸದ ಹೊಸ ವಿಮಾನಗಳನ್ನು ಮೊದಲು ಹಾರಿಸಿದ್ದು. ಕೊನೆಯ ಉಸಿರಿನ ತನಕ ತನ್ನ ಕೆಲಸ ಬಿಡದೆ ಇನ್ನೊಬ್ಬರ ಪ್ರಾಣ ಉಳಿಸಿದ್ದು. ಒಂದೂ ಸುಳ್ಳಲ್ಲ. ಕೇಳುತ್ತ ನನಗೂ ಹೆಮ್ಮೆ ಆಯಿತು, ಇಲ್ಲ ಅನ್ನಲಾರೆ. ಆಮೇಲೆ, "ಆ ವೀರನಿಗೆ ಶೌರ್ಯದ ಮೊದಲ ಪಾಠ ಹೇಳಿದ ಗುರು ಇಲ್ಲೇ ಇದ್ದಾರೆ," ಎಂದು ಅಪ್ಪನನ್ನು ಕರೆದರು.

ಅಪ್ಪ ಮೈಕಿನ ಮುಂದೆ ನಿಂತು ಮೊದಲು ಕೆಮ್ಮಿದ. ಕೆಮ್ಮು ಇಡೀ ಮೈದಾನಕ್ಕೆ ಕೇಳಿಸಿತು, ಮಕ್ಕಳು ನಕ್ಕರು. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಕೂಸುಗಳಾ, ಮಾಸ್ತರು ಹೇಳಿದ್ದು ಖರೆ. ಸುರಂಗ ಸಿಡೀಲಿಲ್ಲಂದ್ರ ಹಚ್ಚಿದಾಂವನೇ ಹೋಗಿ ನೋಡಬೇಕು. ಬ್ಯಾರೆದಾವನ್ನ ಕಳಸಬಾರದು. ಆದ್ರ ಆ ಮಾತಿಗೆ ಇನ್ನೊಂದು ಅರ್ಧ ಅದ. ಅದನ್ನ ಖಣ್ಯಾಗ ಎಲ್ಲಾರೂ ಬಲ್ಲರು, ಮನ್ಯಾಗ ಯಾರೂ ಹೇಳೂದಿಲ್ಲ. ಏನಂದ್ರ, ಲಗೂನ ಹೋಗಬಾರದು. ಮೊದಲ ಕುಂದರಬೇಕು. ಬೀಡಿ ಸೇದಬೇಕು."

ಹೆಡ್‌ಮಾಸ್ತರರು ಕುರ್ಚಿಯಲ್ಲಿ ಅಲುಗಾಡಿದರು.

"ಆಮ್ಯಾಲ ಹೋಗಬೇಕು. ಹ್ವಾದಾಗ ಸಣ್ಣ ಹೊಗಿ ಕಂಡ್ರೂ, ಮದ್ದು ವಾಸನಿ ಹೊಡದ್ರೂ, ಸುಮ್ಮ ಎದ್ಯಾಗ ಏನರೆ ಅನಿಸಿದ್ರೂ ಸೈತ, ತಿರುಗಿ ಓಡಬೇಕು. ಚಪ್ಪಲಿ ಬಿಟ್ಟು ಓಡಬೇಕು. ಕಲ್ಲು ಹ್ವಾದ್ರ ಹೋಗ್ಲಿ. ಕಲ್ಲಿನ ಸಲುವಾಗಿ ನಿಲ್ಲಬಾರದು. ನಾ ಓಡೀನಿ. ಒಂದ ಸಲ ಅಲ್ಲ, ಭಾಳ ಸಲ. ಈ ಮೌಲಾಲಿ ಅಲ್ಲೇ ಕುಂತಾನ, ಕೇಳ್ರಿ."

ಮೌಲಾಲಿ ಕಾಕಾ ಎದ್ದು ನಿಂತೇ ಬಿಟ್ಟ. "ಹೌದು! ಇಬ್ಬರೂ ಓಡೀವಿ! ಒಮ್ಮೆ ಇವನ ಧೋತರ ಅಲ್ಲೇ ಬಿಚ್ಚಿ ಬಿದ್ದಿತ್ತು, ತರಾಕ ಸೈತ ಹೋಗಲಿಲ್ಲ!"

ಮಕ್ಕಳು ಹೋ ಎಂದು ನಕ್ಕರು. ಅಪ್ಪ ನಗು ನಿಲ್ಲುವ ತನಕ ಕಾದ.

"ನನ್ನ ಮಗಗ ನಾ ಹೋಗಿದ್ದಷ್ಟೇ ಹೇಳೀನಿ. ಓಡಿದ್ದು ಹೇಳಿಲ್ಲ. ಅವನ ತಾಯಿ ಹೆದರ್ತಾಳ ಅಂತ ಹೇಳಿಲ್ಲ. ಅಂವ ಅರ್ಧಾನೇ ಕಲ್ತು ಹ್ವಾದ. ನೀವು ಪೂರಾ ಕಲೀರಿ."

ಕೈ ಮುಗಿದು ಬಂದು ಕುಳಿತ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಹೆಡ್‌ಮಾಸ್ತರರು ಮೈಕು ಹಿಡಿದು, "ಎಂಥ ವಿನಯ ನೋಡಿ! ದೊಡ್ಡವರು ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ," ಎಂದು ಹೇಳಿ ಪೇಢೆ ಹಂಚಲು ಶುರು ಮಾಡಿಸಿದರು.

ಬರುವಾಗ ಹಳೆಯ ಖಣಿಯ ದಾರಿಯಲ್ಲಿ ಬಂದೆವು. ಅಲ್ಲಿ ನಿಂತು ನಾನು ನಿನ್ನ ಕಾಗದದ ವಿಷಯ ಅಪ್ಪನಿಗೆ ಹೇಳಿದೆ. ನೀನು ಬರೆದ ಒಂದು ಮಾತನ್ನೂ ಬಿಡಲಿಲ್ಲ, ಕರೆತರಲಾರೆ ಎಂದದ್ದನ್ನೂ. ಅವನು ಒಂದು ಕಲ್ಲು ಎತ್ತಿ ನೀರಿಗೆ ಒಗೆದ.

"ಸರಿ ಮಾಡ್ಯಾನ ಅನ್ನಾಕ ನನಗ ಬಾಯಿ ಬರೂದಿಲ್ಲ ಅನಸೂ. ತಪ್ಪು ಮಾಡ್ಯಾನ ಅನ್ನಾಕೂ ಬರೂದಿಲ್ಲ. ಆ ಇನ್ನೊಬ್ಬ ಹುಡುಗ ಬದುಕ್ಯಾನ. ಅವನ ಹೇಣ್ತಿ ಕುಂಕುಮ ಹಚ್ಕೊಂಡು ಅದಾಳ. ಅದನ್ನ ತಪ್ಪು ಅಂತ ಹ್ಯಾಂಗ ಅನ್ಲಿ? ಆದ್ರ ಆ ಹುಡುಗಿಗೆ ಬರಿ. ಕೂಸಿನ್ನ ಕರ್ಕೊಂಡು ಬಂದ್ರ ನಾ ಅದಕ್ಕ ಓಡಿದ್ದ ಕಥಿ ಮೊದಲ ಹೇಳ್ತೀನಿ. ಎಲ್ಲಾ ಓಡಿದ್ದ ಕಥಿ ಮುಗದ ಮ್ಯಾಲೇ ಹೋಗಿದ್ದ ಕಥಿ. ಆವಾಗೂ ಅವರವ್ವ ಬ್ಯಾಡ ಅಂದ್ರ ಹೇಳೂದಿಲ್ಲ."

ಇದು ನಿನ್ನ ಪ್ರಶ್ನೆಗೆ ಅಪ್ಪನ ಉತ್ತರ. ನಾನೇನೂ ಸೇರಿಸಿಲ್ಲ.

ಮನೆಗೆ ಬರುವಷ್ಟರಲ್ಲಿ ಅವ್ವನಿಗೆ ಓಣಿಯವರಿಂದ ಎಲ್ಲ ಗೊತ್ತಾಗಿತ್ತು. ಅಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಅವ್ವ ಹೇಳಿದಳು: "ನೀ ಓಡತಿದ್ದಿ ಅಂತ ನನಗ ಗೊತ್ತಿತ್ತು. ಬರಿಗಾಲೀಲೆ ಮನಿಗಿ ಬರತಿದ್ದಿ. ಚಪ್ಪಲಿ ಎಲ್ಲಿ ಅಂದ್ರ ಹರೀತು ಒಗದೆ ಅಂತಿದ್ದಿ. ಮರುದಿನ ಅವೇ ಚಪ್ಪಲಿ ಮೆಟ್ಟಿಕೊಂಡು ಬರತಿದ್ದಿ."

ಅಪ್ಪ ಗೂಟ ಹಿಡಿದುಕೊಂಡೇ ನಿಂತ. "ಗೊತ್ತಿದ್ರ ಯಾಕ ಅನ್ನಲಿಲ್ಲ?"

"ನಿನಗ ನಾಚಿಕಿ ಆಗ್ತದಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಷಾಢದಿಂದ ಮೊದಲ ಸಲ ನೋಡಿದ್ದು. ನಾನು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವ್ವ ಅಳುವುದು ಕೇಳಿಸಿತು, ಆಮೇಲೆ ಅಪ್ಪ. ಇಬ್ಬರೂ ಕೂಡಿ ಅತ್ತದ್ದು ಅವನು ಹೋದ ಮೇಲೆ ಇದೇ ಮೊದಲು.

ಯಶೋಧರಾ, ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ. ಬರುವ ಮನಸ್ಸಾದರೆ ಒಂದು ಕಾರ್ಡು ಹಾಕು, ಮನೆಯವರು ಸ್ಟೇಷನ್ನಿನಲ್ಲೇ ಇರುತ್ತಾರೆ. ಆಗದಿದ್ದರೆ ವರ್ಷಕ್ಕೊಂದು ಫೋಟೋ ಕಳಿಸು. ನಿನ್ನ ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಈಗ ಇರುವುದು ಅಣ್ಣನ ಮನೆ ಎಂದು ಸಂಕೋಚದಲ್ಲಿ ಅರೆಹೊಟ್ಟೆ ಇರಬೇಡ. ಮುಂದೆ ಓದುತ್ತೇನೆ ಎಂದು ಬರೆದಿದ್ದೆ, ಓದು. ಸುಜಾತಾಳಿಗೆ ನೂರು ವರ್ಷ ಆಯುಷ್ಯ ಇರಲಿ. ಅವಳು ಜಾಣೆಯಾಗಲಿ, ಹೆದರಿಕೆ ಆದಾಗ ಆಯಿತು ಎಂದು ಹೇಳುವವಳಾಗಲಿ.

ನಿನ್ನ ಅಕ್ಕ,
ಅನಸುಬಾಯಿ

ತಾ.ಕ. ಲಕೋಟೆ ಅಂಟಿಸಲು ಹೋದವಳು ಮತ್ತೆ ತೆಗೆದೆ. ಅಪ್ಪ ಅಂದದ್ದು, ಅವ್ವ ಅಂದದ್ದು ಬರೆದೆ. ನಾನು ಏನನ್ನುತ್ತೇನೆ ಎಂದು ಯಾರೂ ಕೇಳಿಲ್ಲ, ನೀನೂ ಕೇಳಲಿಲ್ಲ. ನನಗೆ ಅವನ ಮೇಲೆ ಸಿಟ್ಟಿದೆ. ನಿನ್ನೆ ಮಕ್ಕಳು ಅವನ ಹೆಸರು ಹಿಡಿದು ಜಯಕಾರ ಹಾಕಿದಾಗ ನಾನು ಕೈ ಎತ್ತಿದೆ, ಬಾಯಿ ತೆರೆಯಲಿಲ್ಲ. ಅವನು ಜಿಗಿಯಬೇಕಿತ್ತು. ಕಾಲು ಮುರಿದುಕೊಂಡು ಬಿದ್ದಿದ್ದರೂ ಹೊರಸಿನ ಮೇಲೆ ಹಾಕಿಕೊಂಡು ನಾನು ಸಾಯುವ ತನಕ ನೋಡಿಕೊಳ್ಳುತ್ತಿದ್ದೆ. ಅವನನ್ನು ಎತ್ತಿ ಬೆಳೆಸಿದವಳಿಗೆ ಅದೇನು ದೊಡ್ಡದು? ವಿಮಾನ ಗುಡ್ಡದಲ್ಲಿ ಬೀಳಲಿ. ಆ ಪಿನ್ನು ಸಿಗದೇ ಇರಲಿ. ಹಾಗಾಗಿದ್ದರೆ ಆ ಇನ್ನೊಬ್ಬ ಹುಡುಗ ಹೋಗುತ್ತಿದ್ದ, ಅವನಿಗೆ ಈಚೆಗಷ್ಟೇ ಮದುವೆ ಆಗಿದೆ, ಅದೂ ನನಗೆ ಗೊತ್ತು. ಗೊತ್ತಿದ್ದೂ ದಿನಾ ಹೀಗೇ ಅನಿಸುತ್ತದೆ, ಯಶೋಧರಾ. ಆ ಹುಡುಗನ ಹೆಸರು ಯಾರೂ ನನಗೆ ಹೇಳದಿರಲಿ. ಇಷ್ಟು ಭಾಗ ಓದಿ ಹರಿದುಬಿಡು. ನಾಳೆ ಶನಿವಾರ, ಬೆಳಗಿನ ಶಾಲೆ.